ತುಂಗೆ ಕರುವನ್ನು ಅಡಗಿಸಿಟ್ಟ ದಿನ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಎರಡು ಎಕರೆ ಅಡಿಕೆ ತೋಟದ ಮೇಲ್ಬದಿಯ ಹಟ್ಟಿಯಲ್ಲಿ ಮೂರು ಕಾಸರಗೋಡು ಗಿಡ್ಡ ಹಸುಗಳಿವೆ. ಹಸುಗಳು ಸಾಮಾನ್ಯವಾಗಿ ಒಂದು ಮೀಟರಿನಷ್ಟೂ ಎತ್ತರ ಬೆಳೆಯದ, ದಿನಕ್ಕೆ ಎರಡು ಲೀಟರ್ ಹಾಲು ಕೊಟ್ಟರೆ ಅದೇ ಹೆಚ್ಚೆನ್ನಬಹುದಾದ, ಗುಡ್ಡೆಯ ಹುಲ್ಲು ಮತ್ತು ಮನೆಯ ಅಕ್ಕಚ್ಚಿನಲ್ಲೇ (ಅಕ್ಕಿ ತೊಳೆದ ನೀರಿನಲ್ಲೇ) ತೃಪ್ತಿಪಡುವ ತಳಿಯಿದು. ಇದರ ಸಂರಕ್ಷಣೆಗೆಂದೇ ಕೇರಳದ ಪಶುಸಂಗೋಪನಾ ಇಲಾಖೆ ಇಲ್ಲಿಯೇ ಬೇಳದಲ್ಲಿ ಕೇಂದ್ರವೊಂದನ್ನು ನಡೆಸುತ್ತಿದೆ. ತಳಿಯ ಸ್ವಭಾವ ಕೇಳಿದವರಿಗೆ ‘ಬಹಳ ಸಾಧು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ ನಾನು, ಕಳೆದ ಮಳೆಗಾಲದ ಆಟಿ ತಿಂಗಳ ಒಂದು ದಿನದಿಂದೀಚೆಗೆ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಅಂದು ಸಂಜೆ ಗುಡ್ಡೆಯಿಂದ ಮೊದಲು ಇಳಿದು ಬಂದವಳು ಸುಂದರಿ. ಎಂದಿನಂತೆ ಹಟ್ಟಿಗೆ ಹೋಗದೆ ನೇರವಾಗಿ ಅಡುಗೆಮನೆಯ ಹಿಂಬಾಗಿಲಿಗೆ ಬಂದು, ಅಕ್ಕಚ್ಚಿನ ಬಕೆಟನ್ನು ಮೂತಿಯಿಂದ ದೂಡಿ ಸದ್ದು ಮಾಡಿದಳು. ಹಿರಿಯಳಾದ ಕಪಿಲೆ ಮಾತ್ರ ಬೇಲಿಯ ಬಳಿಯೇ ನಿಂತು ಗುಡ್ಡೆಯ ಕಡೆಗೆ ಮುಖಮಾಡಿ ಕೂಗುತ್ತಿದ್ದಳು. ಅವಳ ಮಗಳು, ಚೊಚ್ಚಲ ಗಬ್ಬದ ತುಂಗೆ, ಬಂದಿರಲಿಲ್ಲ.

ನಾನೂ ಅಮ್ಮನೂ ಕೊಡೆ ಹಿಡಿದು ಗುಡ್ಡೆ ಹತ್ತಿದೆವು. ಮುರಕಲ್ಲಿನ ಪಾರೆಯ ಮೇಲೆ ತುಂಗೆ ಏನೂ ಆಗದವಳಂತೆ ಮೇಯುತ್ತಿದ್ದಳು. ಆದರೆ ಹೊಟ್ಟೆ ಇಳಿದಿತ್ತು, ಬಾಲದ ತುದಿಯಲ್ಲಿ ರಕ್ತದ ಕಲೆಯಿತ್ತು. ಕರು ಎಲ್ಲಿಯೂ ಕಾಣಿಸಲಿಲ್ಲ. ನಾನು ಹತ್ತಿರ ಹೋದಷ್ಟೂ ಅವಳು ತೆಂಕು ದಿಕ್ಕಿಗೆ ಸರಿಯುತ್ತಾ ನನ್ನನ್ನು ದೂರ ದೂರ ಕರೆದುಕೊಂಡು ಹೋದಳು.

“ಅದರ ಹಿಂದೆ ಹೋಗಬೇಡ. ನೀನು ನೋಡುತ್ತಿರುವಷ್ಟು ಹೊತ್ತು ಅದು ಕರುವಿನ ಹತ್ತಿರ ಸುಳಿಯುವುದಿಲ್ಲ” ಎಂದು ಅಮ್ಮ ನನ್ನನ್ನು ಪೊದೆಯೊಂದರ ಮರೆಗೆ ಎಳೆದರು.

ಸುರಿಯುವ ಮಳೆಯಲ್ಲಿ ಅರ್ಧ ಗಂಟೆ ಕಾದೆವು. ಬಳಿಕ ತುಂಗೆ ತಲೆಯೆತ್ತಿ ನಾಲ್ಕೂ ಕಡೆ ನೋಡಿ, ಬಡಗು ದಿಕ್ಕಿಗೆ ತಿರುಗಿ, ಅಜ್ಜನ ಕಾಲದಲ್ಲಿ ಕೊರೆದು ನೀರು ಸಿಗದೆ ಬಿಟ್ಟುಹೋದ ಸುರಂಗದ ಬಾಯಿಗೆ ನಡೆದಳು. ಕುಂಟಾಲದ ಪೊದೆಯ ಹಿಂದೆ, ಮಳೆಹನಿ ತಾಗದ ಒಣನೆಲದಲ್ಲಿ, ಕುತ್ತಿಗೆಯನ್ನು ಮಣ್ಣಿಗೆ ಚಾಚಿ ಕೆಂಪು ಹೆಂಗರು ಮಲಗಿತ್ತು. ಅದರ ಗೊರಸಿನ ಅಡಿ ಇನ್ನೂ ಹಳದಿಯಾಗಿ, ಎಳೆ ತೆಂಗಿನಕಾಯಿಯ ತಿರುಳಿನಂತೆ ಮೆತ್ತಗಿತ್ತು. ಕೈ ಎತ್ತಿದರೆ ಬೆದರಿ ಮೂಲೆ ಸೇರುತ್ತಿದ್ದ ತುಂಗೆ ಅಂದು ಕೊಂಬು ತಗ್ಗಿಸಿ ಬಂದು ನನ್ನ ತೊಡೆಗೆ ಹಾಯ್ದಳು. ಆ ಧೈರ್ಯವನ್ನು ಅವಳು ಎಲ್ಲಿ ಇಟ್ಟುಕೊಂಡಿದ್ದಳೋ! ನೋವಿಗಿಂತ ಹೆಚ್ಚಾಗಿ ನನಗಾದದ್ದು ಅವಳ ಮೇಲಿನ ಗೌರವ.

ಅಮ್ಮ ಹೆಸರು ಹಿಡಿದು ಕರೆಯುತ್ತಾ, ಮೈ ತುರಿಸಿ ಸಮಾಧಾನಪಡಿಸಿ, ಕರುವನ್ನು ಎತ್ತಿ ಅವಳ ಮೂಗಿನ ಮಟ್ಟಕ್ಕೆ ಹಿಡಿದು ನಡೆದರು. ತುಂಗೆ ಅದನ್ನು ಮೂಸುತ್ತಲೇ ಗುಡ್ಡೆ ಇಳಿದಳು. ಹಟ್ಟಿಯಲ್ಲಿ ಸುಂದರಿ ಕರುವನ್ನು ಒಮ್ಮೆ ಮೂಸಿ ಬೈಹುಲ್ಲಿಗೆ ಮರಳಿದಳು. ಕಪಿಲೆ ಮಾತ್ರ ಮೊಮ್ಮಗಳ ಬೆನ್ನನ್ನು ಕತ್ತಲಾಗುವ ತನಕ ನೆಕ್ಕಿದಳು. ತುಂಗೆ ಅದಕ್ಕೆ ಅಡ್ಡ ಬರಲಿಲ್ಲ. ದಿನವೂ ಹಸುಗಳ ಕಾಲ ಬಳಿ ಬೊಗಳಿ ಕೀಟಲೆ ಮಾಡುವ ನಾಯಿ ಕರಿಯ, ಆ ರಾತ್ರಿ ಹಟ್ಟಿಯ ಹೊಸ್ತಿಲಲ್ಲಿ ಸದ್ದಿಲ್ಲದೆ ಮಲಗಿತ್ತು.

ಮರುದಿನ ಗಿಣ್ಣು ಕರೆಯಲು ತುಂಗೆ ಅಮ್ಮನನ್ನು ಮಾತ್ರ ಬಿಟ್ಟಳು. ನಾನು ಹಟ್ಟಿಗೆ ಕಾಲಿಟ್ಟೊಡನೆ ಅವಳು ತಿರುಗಿ, ಕರುವಿಗೂ ನನಗೂ ನಡುವೆ ತನ್ನ ಮೈಯನ್ನು ಅಡ್ಡವಾಗಿಟ್ಟು ನಿಂತಳು.