ಎತ್ತರ ಸಾಕು, ಉದ್ದ ಬೇಕು

ಎಸ್‌ಯುವಿ ಮಾರುತ್ತೇವೆ ಅಂದಾಗ ಅಕ್ಕಪಕ್ಕದವರು ಮೊದಲು ಕೇಳಿದ್ದು, "ಇನ್ನೂ ದೊಡ್ಡದು ತಗೊಳ್ತಿದ್ದೀರಾ?" ಇಲ್ಲ, ಸ್ವಲ್ಪ ತಗ್ಗಿನದು ನೋಡುತ್ತಿದ್ದೇವೆ ಅಂದೆ. ಅವರ ಮುಖದಲ್ಲಿ ಮರುಕ ಕಾಣಿಸಿತು. ಹಾಸನದಲ್ಲಿ ಎಸ್‌ಯುವಿಯಿಂದ ಕೆಳಗಿಳಿದರೆ ಮೆಣಸಿನ ರೇಟು ಬಿದ್ದಿದೆ, ಇಲ್ಲವೇ ಸಾಲ ಆಗಿದೆ ಅಂತಲೇ ಲೆಕ್ಕ.

ಎರಡೂ ಅಲ್ಲ. ಅತ್ತೆಯ ಮಂಡಿ, ಮಗಳ ವಾಂತಿ, ನನ್ನ ಸೊಂಟ. ಇಷ್ಟೇ ಕಾರಣ.

ಮನೆ ಇರುವುದು ವಿದ್ಯಾನಗರದಲ್ಲಿ. ನಮ್ಮನೆಯವರ ಊರು ಸಕಲೇಶಪುರ ದಾಟಿ ಹಾನುಬಾಳಿನ ಕಡೆ. ಅಲ್ಲಿ ಭಾವ ತೋಟ ನೋಡಿಕೊಳ್ಳುತ್ತಾರೆ. ವಾರ ಬಿಟ್ಟು ವಾರ ಹೋಗಿಬರುವುದು ರೂಢಿ. ಗಾಡಿ ಓಡಿಸುವುದು ಜಾಸ್ತಿ ನಾನೇ. ಇವರಿಗೆ ಗಾಡಿ ಓಡಿಸುವುದಕ್ಕಿಂತ ಗಾಡಿಯ ಬಗ್ಗೆ ಓದುವುದು ಇಷ್ಟ.

ನಮ್ಮ ಹಳೇ ಗಾಡಿಯ ಕಂಪನಿ ಹೆಸರು ಬೇಡ. ಚಾಸಿ ಮೇಲೆ ಬಾಡಿ ಕೂರಿಸಿದ ಏಳು ಸೀಟಿನ ಡೀಸೆಲ್ ಗಾಡಿ. ಲಾರಿ, ಪಿಕಪ್‌ಗಳನ್ನೂ ಹೀಗೇ ಕಟ್ಟುತ್ತಾರೆ. ಕೆಳಗೆ ಏಣಿಯ ಆಕಾರದ ಉಕ್ಕಿನ ಚಾಸಿ, ಅದರ ಮೇಲೆ ನೆಲ, ಅದರ ಮೇಲೆ ಸೀಟು. ಹಾಗಾಗಿ ನೆಲವೇ ಎತ್ತರದಲ್ಲಿರುತ್ತದೆ. ಭಾರ ಹೊರಲು, ಕೆಟ್ಟ ರಸ್ತೆಯ ಏಟು ತಿನ್ನಲು ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಆದರೆ ಅತ್ತೆ ಹತ್ತಬೇಕಾದರೆ ಒಬ್ಬರು ಮೇಲಿನಿಂದ ಕೈ ಹಿಡಿಯಬೇಕು, ಇನ್ನೊಬ್ಬರು ಹಿಂದಿನಿಂದ ಒತ್ತು ಕೊಡಬೇಕು. "ನನ್ನನ್ನ ಅಂಬಾರಿಗೆ ಹತ್ತಿಸಿದ ಹಾಗೆ ಹತ್ತಿಸ್ತೀರಲ್ಲೇ" ಅನ್ನುತ್ತಿದ್ದರು. ಮೊದಮೊದಲು ನಗುತ್ತಿದ್ದರು. ಆಮೇಲೆ "ನೀವು ಹೋಗಿಬನ್ನಿ, ನಾನು ಮನೇಲಿರ್ತೀನಿ" ಅನ್ನಲು ಶುರು ಮಾಡಿದರು. ಅವರ ಮನೆಗೆ ಅವರೇ ಬರದಿದ್ದರೆ ನಾವು ಹೋಗಿ ಏನು ಮಾಡುವುದು?

ಮಗಳ ಕಥೆ ಬೇರೆ. ಸಕಲೇಶಪುರದಿಂದ ಹಾನುಬಾಳಿನ ರಸ್ತೆ ಹಿಡಿದರೆ ತಿರುವಿನ ಮೇಲೆ ತಿರುವು. ಎತ್ತರದ ಗಾಡಿಯಲ್ಲಿ ಭಾರವೂ ಮೇಲೆಯೇ ಇರುತ್ತದೆ. ಎಡಕ್ಕೆ ತಿರುಗಿಸಿದರೆ ಬಾಡಿ ಬಲಕ್ಕೆ ವಾಲುತ್ತದೆ. ಸ್ಟೇರಿಂಗ್ ನೇರ ಮಾಡಿದ ಮೇಲೂ ಅದು ಒಂದು ಸಲ ಓಲಾಡಿಯೇ ಸರಿಹೋಗುವುದು. ಮೇಲಾಗಿ ಹಿಂದಿನ ಸೀಟುಗಳು ಎದುರುಬದುರು. ಅಲ್ಲಿ ಅಡ್ಡಡ್ಡ ಕೂತ ಮಗುವಿಗೆ ಹೊಟ್ಟೆ ತೊಳಸದೆ ಇರುತ್ತದಾ? ಪ್ಲಾಸ್ಟಿಕ್ ಕವರ್ ಇಲ್ಲದೆ ನಾವು ಊರಿಗೆ ಹೊರಟದ್ದೇ ಇಲ್ಲ.

ಇನ್ನು ಡಿಕ್ಕಿ. ತೋಟದಿಂದ ಬರಿಗೈಲಿ ಬರುವ ಹಾಗಿಲ್ಲವಲ್ಲ. ಬಾಳೆಗೊನೆ, ಹಲಸಿನಹಣ್ಣು, ತೆಂಗಿನಕಾಯಿ ಚೀಲ, ಓರಗಿತ್ತಿ ಕಟ್ಟಿಕೊಡುವ ಉಪ್ಪಿನಕಾಯಿ ಭರಣಿ. ಎಸ್‌ಯುವಿ ಹೊರಗಿನಿಂದ ನೋಡಲು ಅಷ್ಟು ದೊಡ್ಡದು, ಹಿಂದಿನ ಬಾಗಿಲು ತೆಗೆದರೆ ಜಾಗ ಮೇಲಕ್ಕಿದೆಯೇ ಹೊರತು ಉದ್ದಕ್ಕಿಲ್ಲ. ಒಂದರ ಮೇಲೊಂದು ಪೇರಿಸಬೇಕು. ಪೇರಿಸಿದರೆ ಹಿಂದಿನ ಗಾಜು ಮುಚ್ಚಿಹೋಗುತ್ತದೆ. ಒಂದೊಂದು ಚೀಲವನ್ನೂ ಎದೆಮಟ್ಟಕ್ಕೆ ಎತ್ತಬೇಕು. ನನ್ನ ಸೊಂಟ ಹಿಡಿದುಕೊಂಡಿದ್ದು ಅಲ್ಲೇ.

ಹೊಸ ಆಸೆ ಹುಟ್ಟಿದ್ದು ಇವರ ಅಕ್ಕನ ಮನೆಯಲ್ಲಿ. ಅವರಿರುವುದು ಜರ್ಮನಿಯಲ್ಲಿ. ಅಲ್ಲಿ ಅವರ ಹತ್ತಿರ ಸ್ಕೋಡಾ ಆಕ್ಟೇವಿಯಾ ಕಾಂಬಿ ಇದೆ. ಮುಂದಿನಿಂದ ನೋಡಿದರೆ ಮಾಮೂಲಿ ಸೆಡಾನ್. ಹಿಂದೆ ಮಾತ್ರ ಛಾವಣಿ ಕೊನೆಯವರೆಗೂ ಚಾಚಿಕೊಂಡಿದೆ. ಇಂಥ ಗಾಡಿಗೆ ಸ್ಟೇಷನ್ ವ್ಯಾಗನ್ ಅನ್ನುತ್ತಾರೆ. ಐದು ಜನ ಕೂತ ಮೇಲೂ 640 ಲೀಟರ್ ಜಾಗ. ಡಿಕ್ಕಿಯ ನೆಲ ಮಂಡಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಸಾಮಾನು ಎತ್ತಬೇಕಿಲ್ಲ, ಒಳಗೆ ಜರುಗಿಸಿದರೆ ಸಾಕು. ಅತ್ತೆ ಯಾರ ಸಹಾಯವೂ ಇಲ್ಲದೆ ಬಾಗಿಲು ತೆಗೆದು ಕೂತರು. ಅದನ್ನು ನೋಡಿ ನಾನು ಇವರ ಮುಖ ನೋಡಿದೆ. ಇವರು ಆಗಲೇ ಫೋನಿನಲ್ಲಿ ಏನೋ ಹುಡುಕುತ್ತಿದ್ದರು.

ಊರಿಗೆ ವಾಪಸ್ ಬಂದ ಮೇಲೆ ಗೊತ್ತಾಯಿತು, ಅಂಥ ಗಾಡಿ ನಮ್ಮಲ್ಲಿ ಸಿಗುವುದೇ ಕಷ್ಟ. ಇರಲಿಲ್ಲ ಅಂತಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂದಿತ್ತು. ಆಮೇಲೆ ಒಪೆಲ್ ಕೋರ್ಸಾ ಸ್ವಿಂಗ್, ಮಾರುತಿ ಬಲೆನೊ ಆಲ್ಟುರಾ, 2004ರಲ್ಲಿ ಇಂಡಿಗೊ ಮರೀನಾ. ಈ ಆಕ್ಟೇವಿಯಾ ಕಾಂಬಿಯನ್ನೂ ಒಂದು ಕಾಲಕ್ಕೆ ಇಲ್ಲಿ ಮಾರಿದ್ದಾರೆ. ಯಾವುದೂ ನಿಲ್ಲಲಿಲ್ಲ. "ಆಂಬುಲೆನ್ಸ್ ತರ ಕಾಣುತ್ತೆ" ಅಂತ ಜನ ಮೂಗು ಮುರಿದರು ಅನ್ನುವುದು ಹಳಬರ ಮಾತು. ಇರಬಹುದು. ಆದರೆ ನನಗೆ ಕಾಣುವ ದೊಡ್ಡ ಕಾರಣ ತೆರಿಗೆ.

2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳಿಗೆ ತಯಾರಿಕೆ ಮೇಲಿನ ಅಬಕಾರಿ ಸುಂಕ ಇಳಿಸಿದರು. ಸಣ್ಣ ಕಾರು ಅಂದರೆ ಉದ್ದ ನಾಲ್ಕು ಮೀಟರ್ ಒಳಗಿರಬೇಕು, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಅಲ್ಲಿಂದ ಕಂಪನಿಗಳು ಕಾರಿನ ಬಾಲ ಕತ್ತರಿಸಲು ಶುರು ಮಾಡಿದವು. 2008ರ ಇಂಡಿಗೊ ಸಿಎಸ್ ನೆನಪಿದೆಯಾ? ಡಿಕ್ಕಿ ಮೊಟಕು ಮಾಡಿ ನಾಲ್ಕು ಮೀಟರ್ ಒಳಗೆ ತಂದ ಸೆಡಾನ್ ಅದು. ಜಿಎಸ್‌ಟಿ ಬಂದ ಮೇಲೂ ಇದೇ ಗೆರೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯ ಒಳಗಿರುವ ಕಾರಿಗೆ ಶೇ 18, ದಾಟಿದ್ದಕ್ಕೆ ಶೇ 40. ಸಣ್ಣ ಕಾರಿಗೆ ಉದ್ದದ ಮಿತಿ ಇದೆ, ಎತ್ತರದ ಮಿತಿ ಇಲ್ಲ. ಹಾಗಾಗಿ ಗಾಡಿಗಳೆಲ್ಲ ಮೇಲಕ್ಕೆ ಬೆಳೆದವು. ನಮ್ಮ ಬಿ.ಎಂ. ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಮೊಟಕು ಮೈಯ ಎತ್ತರದ ಗಾಡಿಗಳು ಸಾಲಾಗಿ ಹೋಗುತ್ತಿರುತ್ತವೆ.

ಹೊಸ ವ್ಯಾಗನ್ನೇ ಬೇಕು ಅಂದರೆ ಕೋಟ್ಯಧಿಪತಿ ಆಗಿರಬೇಕು. 2017ರಲ್ಲಿ ವೋಲ್ವೊ ವಿ90 ಕ್ರಾಸ್ ಕಂಟ್ರಿ ಇಲ್ಲಿಗೆ ಬಂದಾಗಲೇ ಬೆಲೆ 60 ಲಕ್ಷ. ಅದನ್ನು ಇವರಿಗೆ ಫೋಟೊ ನೋಡಲು ಬಿಟ್ಟೆ.

ಇವರು ಮಾತ್ರ ಹಟ ಬಿಡಲಿಲ್ಲ. ಬೆಂಗಳೂರಿನಲ್ಲಿ ಒಂದು ಹಳೇ ಆಕ್ಟೇವಿಯಾ ಕಾಂಬಿ ಹುಡುಕಿಯೇಬಿಟ್ಟರು. ಡೀಸೆಲ್, ಕಪ್ಪು ಬಣ್ಣ, ಇಪ್ಪತ್ತು ವರ್ಷ ದಾಟಿದ್ದು. ಹೋಗಿ ನೋಡಿದೆವು. ಬಾಗಿಲು ಹಾಕಿದರೆ ಇವತ್ತಿಗೂ ಧಪ್ ಅನ್ನುವ ಗಟ್ಟಿ ಶಬ್ದ. ನನಗೂ ಮನಸ್ಸು ಹೋಯಿತು, ಸುಳ್ಳು ಯಾಕೆ ಹೇಳಲಿ. ಜೊತೆಗೆ ಕರೆದುಕೊಂಡು ಹೋಗಿದ್ದ ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿ, ಬಗ್ಗಿ ಕೆಳಗೆಲ್ಲ ಟಾರ್ಚ್ ಬಿಟ್ಟು ನೋಡಿ, "ಅಕ್ಕಾ, ಗಾಡಿ ಚಿನ್ನ. ಆದ್ರೆ ಹಿಂದಿನ ಗಾಜು ಒಡೆದ್ರೆ ನಾನು ಎಲ್ಲಿಂದ ತರಲಿ?" ಅಂದ. ಎಂಜಿನ್ ಸಾಮಾನು ಹೇಗಾದರೂ ಸಿಗುತ್ತದೆ. ಹಿಂದಿನ ಬಾಗಿಲು, ಗಾಜು, ಟೈಲ್ ಲ್ಯಾಂಪ್ ಸೆಡಾನಿನದು ಹೊಂದುವುದಿಲ್ಲ. ಇನ್ನೊಂದು ಮಾತು. ಆರ್‌ಸಿ ಅಂದರೆ ನೋಂದಣಿ ಪತ್ರ, 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಶೋಕಿಗೆ ಇಟ್ಟುಕೊಳ್ಳುವವರಿಗೆ ಸರಿ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವವರಿಗಲ್ಲ. ವಾಪಸ್ ಬರುವಾಗ ಶಾಂತಿಗ್ರಾಮದ ಟೋಲ್ ದಾಟುವವರೆಗೂ ಇವರು ಮಾತಾಡಲಿಲ್ಲ.

ಇನ್ನು ಹೆಸರು ಬಿಟ್ಟು ಗುಣ ನೋಡೋಣ ಅಂತ ಕೂತೆವು. ತಗ್ಗಿನ ನೆಲ, ಉದ್ದನೆಯ ಹಿಂಭಾಗ, ಚಾಸಿ ಬೇರೆ ಬಾಡಿ ಬೇರೆ ಅಲ್ಲದ ಮೊನೊಕಾಕ್ ಕಟ್ಟು. ಮೊನೊಕಾಕ್‌ನಲ್ಲಿ ಬಾಡಿಯೇ ಚಾಸಿಯ ಕೆಲಸ ಮಾಡುತ್ತದೆ. ಅದಕ್ಕೇ ನೆಲ ಕೆಳಗಿಳಿಯುತ್ತದೆ. ಹಾಗೆ ನೋಡಿದಾಗ ಕಣ್ಣಿಗೆ ಬಿದ್ದಿದ್ದು ನಮ್ಮಲ್ಲಿ ಎಂಪಿವಿ ಅಂತ ಮಾರುವ, ಮೂರು ಸಾಲು ಸೀಟಿನ ಫ್ಯಾಮಿಲಿ ಗಾಡಿಗಳು. ಮೂರನೇ ಸಾಲಿನ ಸೀಟು ಮಡಚಿಟ್ಟರೆ ಅವು ಹೆಚ್ಚುಕಡಿಮೆ ವ್ಯಾಗನ್ನೇ.

ಇನ್ನೋವಾ ಕ್ರಿಸ್ಟಾ ಮೊದಲೇ ಬಿಟ್ಟೆವು. ಒಳ್ಳೇ ಗಾಡಿ, ಆದರೆ ಅದೂ ಚಾಸಿ ಮೇಲಿನದೇ. ಇನ್ನೋವಾ ಹೈಕ್ರಾಸ್ ಮೊನೊಕಾಕ್, ಆದರೆ ನಮ್ಮ ಜೇಬಿಗೆ ಭಾರ. ಉಳಿದಿದ್ದು ಮಾರುತಿ ಎರ್ಟಿಗಾ ಮತ್ತು ಕಿಯಾ ಕ್ಯಾರೆನ್ಸ್.

ಎರ್ಟಿಗಾ ಬಗ್ಗೆ ಹಾಸನದಲ್ಲಿ ಹೇಳಬೇಕಾದ್ದೇ ಇಲ್ಲ, ಟ್ಯಾಕ್ಸಿ ಸ್ಟ್ಯಾಂಡ್ ನೋಡಿದರೆ ಸಾಕು. ಉದ್ದ ಸುಮಾರು 4.4 ಮೀಟರ್. ಏಳೂ ಸೀಟು ನಿಂತಿದ್ದರೆ ಡಿಕ್ಕಿ 209 ಲೀಟರ್, ಕೊನೆ ಸಾಲು ಮಡಚಿದರೆ 550. ಖರ್ಚು ಕಡಿಮೆ, ಸರ್ವಿಸ್ ಎಲ್ಲೆಲ್ಲೂ. ನನ್ನನ್ನು ಹಿಂದೆ ಎಳೆದಿದ್ದು, ಕಾರು ಗುದ್ದಿಸಿ ನೋಡಿ ಐದರೊಳಗೆ ಸ್ಟಾರ್ ಕೊಡುವ 2024ರ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆ. ಇಲ್ಲಿ ತಯಾರಾಗಿ ಆಫ್ರಿಕಾಕ್ಕೆ ಹೋಗುವ ಎರಡು ಏರ್‌ಬ್ಯಾಗಿನ ಎರ್ಟಿಗಾಗೆ ದೊಡ್ಡವರ ಸುರಕ್ಷತೆಯಲ್ಲಿ ಒಂದೇ ಸ್ಟಾರ್ ಬಂತು. ಈಗ ಇಲ್ಲಿನದಕ್ಕೆ ಆರು ಏರ್‌ಬ್ಯಾಗ್ ಕೊಡುತ್ತಿದ್ದಾರೆ. ಆದರೆ ನಾವು ನೋಡುತ್ತಿದ್ದುದು ಸೆಕೆಂಡ್ ಹ್ಯಾಂಡ್. ಹಳೇ ಎರ್ಟಿಗಾದಲ್ಲಿ ಅವು ಇರುವುದಿಲ್ಲ. ಕ್ಯಾರೆನ್ಸ್ 2022ರಲ್ಲಿ ಬಂದಾಗಿನಿಂದಲೇ ಎಲ್ಲ ಮಾಡೆಲ್‌ಗೂ ಆರು ಏರ್‌ಬ್ಯಾಗ್. ಅದೇ ವರ್ಷ ಅದಕ್ಕೆ ಸಿಕ್ಕಿದ್ದು ಮೂರು ಸ್ಟಾರ್. ಮೂರು ಅಂದರೆ ಬೀಗುವಂಥದ್ದೇನೂ ಅಲ್ಲ. ಇದ್ದಿದ್ದರಲ್ಲಿ ಮೇಲು.

ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಆದರೂ ಅಳತೆ ನೋಡಲು ಶೋರೂಂಗಳಿಗೆ ನಾವು ಟೇಪು ತಗೊಂಡು ಹೋದೆವು. ಟೈಲರ್ ಟೇಪು. ಸೀಟು ನೆಲದಿಂದ ಎಷ್ಟು ಮೇಲಿದೆ, ಡಿಕ್ಕಿಯ ಅಂಚು ಎಷ್ಟು ಮೇಲಿದೆ ಅಂತ ಇವರು ಅಳೆಯುತ್ತಿದ್ದರೆ ಮಾರುವ ಹುಡುಗ ಟಚ್ ಸ್ಕ್ರೀನ್ ತೋರಿಸಲು ಒದ್ದಾಡುತ್ತಿದ್ದ. ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಅವರು ಎರಡೂ ಗಾಡಿಯಲ್ಲಿ ಹತ್ತಿ ಇಳಿದರು. ಕ್ಯಾರೆನ್ಸಿನಲ್ಲಿ ಮೊದಲು ಕೂತು, ಆಮೇಲೆ ಕಾಲು ಒಳಗೆ ತಗೊಂಡರು. ಮಂಡಿ ನೋವಿನವರಿಗೆ ಇದೇ ಮುಖ್ಯ. ಮೇಲೆ ಹತ್ತುವ ಹಾಗಿರಬಾರದು, ಕೆಳಗೆ ಕುಸಿಯುವ ಹಾಗೂ ಇರಬಾರದು, ಕೂತರೆ ಸೀಟು ಸಿಗಬೇಕು. ಸೆಡಾನ್ ಬೇಡ ಅಂದಿದ್ದೂ ಅದಕ್ಕೇ. ಅದರಲ್ಲಿ ಕೂರುವಾಗ ಕುಸಿಯಬೇಕು, ಏಳುವಾಗ ಇನ್ನೂ ಕಷ್ಟ.

ಭಾವನವರು ಒಪ್ಪಲಿಲ್ಲ. "ಅದು ಪ್ಯಾಟೆ ಗಾಡಿ ಕಣಮ್ಮ. ಮಳೆಗಾಲದಲ್ಲಿ ಗೇಟಿಂದ ಒಳಗೆ ಹೆಂಗೆ ತರ್ತೀರಿ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಹಾಸನದಿಂದ ಸಕಲೇಶಪುರಕ್ಕೆ ಹೈವೇ. ಅಲ್ಲಿಂದ ಮುಂದೆ ಗುಂಡಿ ಇದ್ದರೂ ಡಾಂಬರು. ಉಳಿದಿದ್ದು ಗೇಟಿನಿಂದ ಮನೆಯವರೆಗಿನ ಮಣ್ಣಿನ ಏರು ಮಾತ್ರ. ಆ ಒಂದು ಏರಿಗೋಸ್ಕರ ಉಳಿದ ದಾರಿಯೆಲ್ಲ ಓಲಾಡಬೇಕಾ? ಇನ್ನೊಂದು ವಿಷಯ ಭಾವನಿಗೂ ಗೊತ್ತು. ನಮ್ಮ ಎಸ್‌ಯುವಿ ಫೋರ್ ವೀಲ್ ಡ್ರೈವ್ ಅಲ್ಲ. ಹಾಸನದಲ್ಲಿ ಓಡಾಡುವ ಎಸ್‌ಯುವಿಗಳಲ್ಲಿ ಬಹುಪಾಲು ಅಲ್ಲ. ನಮ್ಮದನ್ನು ಓಡಿಸುವುದು ಹಿಂದಿನ ಚಕ್ರ ಮಾತ್ರ. ಹಿಂದೆ ಭಾರ ಇಲ್ಲದಿದ್ದಾಗ ಅದು ಕೆಸರಿನಲ್ಲಿ ಸುಮ್ನೆ ತಿರುಗುತ್ತದೆ. ಎಷ್ಟೋ ಸಲ ಅವರ ಪಿಕಪ್ಪೇ ಬಂದು ಎಳೆದಿದೆ. ಎತ್ತರ ಇದ್ದರೆ ತಳ ತಾಗುವುದಿಲ್ಲ, ನಿಜ. ಹಿಡಿತ ಬರುವುದು ಟೈರಿನಿಂದ, ಎಳೆಯುವ ಚಕ್ರದಿಂದ.

ಕ್ಯಾರೆನ್ಸ್ ಎಳೆಯುವುದು ಮುಂದಿನ ಚಕ್ರದಲ್ಲಿ. ಎಂಜಿನ್ ಭಾರ ಅಲ್ಲೇ ಇರುವುದರಿಂದ ಮಾಮೂಲಿ ಕೆಸರಿಗೆ ಪರವಾಗಿಲ್ಲ. ಹಿಂದೆ ಭಾರ ತುಂಬಿ ಕಡಿದಾದ ಏರು ಹತ್ತಿದರೆ ಮುಂಭಾಗ ಹಗುರಾಗಿ ಜಾರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗೇಟಿನ ಹತ್ತಿರ ಕಾಫಿ ಕಣದಲ್ಲೇ ನಿಲ್ಲಿಸುವುದು ಅಂತ ತೀರ್ಮಾನ ಮಾಡಿದೆವು. ಸಾಮಾನು ಪಿಕಪ್‌ನಲ್ಲಿ ಬರುತ್ತದೆ. ಅತ್ತೆಯೂ ಪಿಕಪ್‌ನಲ್ಲಿ ಮುಂದೆ ಕೂತು ಬರಲಿ ಅಂದರು ಭಾವ. ಅದನ್ನು ಅತ್ತೆಗೆ ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಪೆಟ್ರೋಲಾ ಡೀಸೆಲಾ ಅಂತ ಸ್ವಲ್ಪ ಜಗ್ಗಾಟ ಆಯಿತು. ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲಿನ ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಬರೀ ಊರೊಳಗೆ ಓಡಾಡಿದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಯಲ್ಲಿ ಬಿಸಿಯಾಗಿ ಓಡಿದರೆ ಮಸಿ ಸುಟ್ಟುಹೋಗುತ್ತದೆ. ಸ್ಕೂಲು, ಕಟ್ಟಿನಕೆರೆ ಮಾರುಕಟ್ಟೆ ಅಷ್ಟೇ ನಿಮ್ಮ ಓಡಾಟ ಆದರೆ ಪೆಟ್ರೋಲ್ ತಗೊಳ್ಳಿ. ನಮಗೆ ಊರಿನ ದಾರಿ ಇದೆ, ಡೀಸೆಲ್ ಸರಿ ಅನ್ನಿಸಿತು.

ಕೊನೆಗೆ ಸಿಕ್ಕಿದ್ದು 2022ರ ಡೀಸೆಲ್ ಕ್ಯಾರೆನ್ಸ್, ಕರ್ನಾಟಕದ್ದೇ ನೋಂದಣಿ. ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು, ಉಳಿದ ದುಡ್ಡು ಅಲ್ಲೇ ಹೋಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿತ್ತು. ಸಾಲ ತೀರಿದ ಪತ್ರ ಮತ್ತು ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೂ ಪೂರ್ತಿ ದುಡ್ಡು ಕೊಡಲಿಲ್ಲ.

ಕೊನೆ ಸಾಲು ಯಾವಾಗಲೂ ಮಡಚಿಯೇ ಇಟ್ಟಿದ್ದೇವೆ. ಬಾಳೆಗೊನೆ ಉದ್ದಕ್ಕೆ ಮಲಗುತ್ತದೆ, ಹಿಂದಿನ ಗಾಜು ಕಾಣುತ್ತದೆ. ಮಗಳು ಮಧ್ಯದ ಸಾಲಿನಲ್ಲಿ ರಸ್ತೆ ನೋಡುತ್ತಾ ಕೂರುತ್ತಾಳೆ. ವಾಂತಿ ಪೂರ್ತಿ ನಿಂತಿಲ್ಲ, ತುಂಬಾ ಕಡಿಮೆ ಆಗಿದೆ. ದೂರುಗಳೂ ಇವೆ. ಹಂಪ್‌ಗಳ ಮೇಲೆ ಹಳೇ ಗಾಡಿಯ ಹಾಗೆ ಹಾರಿಸಿಕೊಂಡು ಹೋಗುವಂತಿಲ್ಲ. ಎದುರಿಗೆ ಲಾರಿ ಬಂದಾಗ ಮೇಲಿನಿಂದ ನೋಡುವ ಧೈರ್ಯ ಈಗಿಲ್ಲ.

ಎಸ್‌ಯುವಿಯನ್ನು ಭಾವನವರೇ ಕೊಂಡರು. ಮನೆಯೊಳಗಿನ ವ್ಯಾಪಾರ, ಸ್ವಲ್ಪ ಕಡಿಮೆಗೇ ಹೋಯಿತು. ಮಾಲೀಕರ ಹೆಸರು ಬದಲಿಸುವ ಫಾರಂ 29, 30 ಮಾತ್ರ ಕೀ ಕೊಡುವ ಮೊದಲೇ ಸಹಿ ಮಾಡಿಸಿಕೊಂಡೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತವಾದರೆ ಕೋರ್ಟು ಹುಡುಕಿಕೊಂಡು ಬರುವುದು ಹಳೇ ಮಾಲೀಕರನ್ನೇ. "ನಮ್ಮ ಮೇಲೂ ನಂಬಿಕೆ ಇಲ್ವಾ?" ಅಂತ ಭಾವನವರಿಗೆ ಸ್ವಲ್ಪ ಬೇಜಾರಾಯಿತು. ಆಗಲಿ ಬಿಡಿ.