ಅಮ್ಮ ತಂದ ಹನ್ನೆರಡು ವೋಲ್ಟ್ ಬಲ್ಬ್

ಹೋದ ತಿಂಗಳು ಊರಿಗೆ ಹೋದಾಗ ಅಡುಗೆಮನೆ ಬಲ್ಬ್ ಹೋಗಿತ್ತು. ಸಂತೆಗೆ ಹೊರಟಿದ್ದ ಅಮ್ಮ ತಾನೇ ತರ್ತೀನಿ ಅಂದಳು. ದಾರಿಯಲ್ಲಿ ಸೋಲಾರ್, ಬ್ಯಾಟರಿ, ಔಷಧಿ ಹೊಡೆಯೋ ಪಂಪು ಎಲ್ಲ ಇಟ್ಟಿರುವ ಅಂಗಡಿಯೊಂದು ಸಿಕ್ಕಿದೆ, "ಒಂದು ಹನ್ನೆರಡು ವೋಲ್ಟ್ ಬಲ್ಬ್ ಕೊಡಪ್ಪ" ಅಂದಿದ್ದಾಳೆ. ಅವನು ಪಾಪ, ಕೇಳಿದ್ದನ್ನೇ ಕೊಟ್ಟಿದ್ದಾನೆ.

ಸಂಜೆ ಹೋಲ್ಡರ್‌ಗೆ ಹಾಕಿದೆ. ಅದೇ ಎರಡು ಪಿನ್ನು, ಒತ್ತಿ ತಿರುಗಿಸಿದರೆ ಲಕ್ಷಣವಾಗಿ ಕೂತಿತು. ಸ್ವಿಚ್ ಹಾಕಿದ್ದೇ ತಡ, ಟಪ್ ಅಂತ ಸದ್ದು, ಸುಟ್ಟ ವಾಸನೆ. ಬಿಚ್ಚಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಕುತ್ತಿಗೆ ಹತ್ತಿರ ಇರುವೆ ಸಾಲಿನಷ್ಟು ಸಣ್ಣಕ್ಕೆ ಬರೆದಿದೆ: 12 ವಿ ಡಿಸಿ, 9 ವ್ಯಾಟ್. ಬ್ಯಾಟರಿಗೆ ಹಾಕುವ ಬಲ್ಬ್ ಅದು. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ; ನಮ್ಮ ಗೋಡೆಯಿಂದ ಬರೋದು 230 ವೋಲ್ಟ್, ಹತ್ತೊಂಬತ್ತು ಪಟ್ಟು ಜಾಸ್ತಿ. ಅಮ್ಮನಿಗೆ ಬೇಕಿದ್ದದ್ದು 12 ವ್ಯಾಟ್. ಓದದೆ ಹಾಕಿದ ನನ್ನದೂ ತಪ್ಪೇ ಬಿಡಿ.

ಆದರೆ ಅಮ್ಮ ವೋಲ್ಟ್ ಅನ್ನೋದಕ್ಕೆ ಕಾರಣ ಇದೆ. ನಾನು ಚಿಕ್ಕವನಿದ್ದಾಗ ತೋಟದ ಪಂಪ್‌ಸೆಟ್‌ಗಳೆಲ್ಲ ಶುರುವಾದರೆ ಮನೆ ಬಲ್ಬು ಕೆಂಪಗೆ, ಕೆಂಡದ ಹಾಗೆ ಆಗಿಬಿಡುತ್ತಿತ್ತು. "ಕರೆಂಟ್ ಇದೆ, ವೋಲ್ಟೇಜ್ ಇಲ್ಲ" ಅಂತಿದ್ದೆವು. ಅಂದರೆ ವೋಲ್ಟೇಜ್ ಅಂದ್ರೆ ಬೆಳಕು, ಅಷ್ಟೇ! ಈಗಿನ ಎಲ್‌ಇಡಿಗಳಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಹಾಗೇ ಇರುತ್ತದೆ, ಒಳಗಿನ ಡ್ರೈವರ್ ಅನ್ನೋ ಪುಟ್ಟ ಸರ್ಕ್ಯೂಟ್ ಸರಿದೂಗಿಸಿಕೊಳ್ಳುತ್ತದೆ. ಬಲ್ಬ್ ಬದಲಾಯಿತು, ಮಾತು ಮಾತ್ರ ಉಳಿಯಿತು.

ನಮ್ಮಜ್ಜನದು ಇನ್ನೂ ಹಳೇ ಲೆಕ್ಕ, ಅರವತ್ತು ಕ್ಯಾಂಡಲ್ ಬಲ್ಬ್ ಅನ್ನೋರು. ಹಿಂದೆ ಬಲ್ಬಿನ ಬೆಳಕನ್ನು ನಿಜವಾಗಿಯೂ ಮೇಣದಬತ್ತಿ ಲೆಕ್ಕದಲ್ಲೇ ಅಳೆಯುತ್ತಿದ್ದರು. ಆಮೇಲೆ ವ್ಯಾಟ್ ಬಂದರೂ ಬಾಯಲ್ಲಿ ಕ್ಯಾಂಡಲ್ಲೇ. ಇನ್ನು ಜೀರೋ ಬಲ್ಬ್ ಇದೆಯಲ್ಲ, ಅದಂತೂ ಶುದ್ಧ ಸುಳ್ಳು. ಹಳೇ ತಂತಿ ಬಲ್ಬು ಸುಮಾರು 15 ವ್ಯಾಟ್ ತಿನ್ನುತ್ತಿತ್ತು, ರಾತ್ರಿಗೆ ಎಂಟು ಗಂಟೆ ಉರಿಸಿದರೆ ಎಂಟು ಹತ್ತು ದಿನಕ್ಕೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಅದಕ್ಕಿಂತ ಕಮ್ಮಿ ತಿಂದು ಇಡೀ ಕೋಣೆ ಬೆಳಗುತ್ತದೆ.

ಡಬ್ಬದ ಮೇಲಾದರೂ ನೆಟ್ಟಗೆ ಬರೀತಾರಾ? ವ್ಯಾಟ್ ದೊಡ್ಡದಾಗಿ ಇರುತ್ತದೆ, ಅದು ಬಲ್ಬ್ ತಿನ್ನೋ ಕರೆಂಟಿನ ಲೆಕ್ಕ. ಬೆಳಕು ಎಷ್ಟು ಅಂತ ಹೇಳೋದು ಲ್ಯೂಮೆನ್, ಅದು ಮೂಲೆಯಲ್ಲಿ. ಪಕ್ಕದಲ್ಲೇ 6500 ಕೆ ಅಂತ ಇದ್ದರೆ ಬೆಳ್ಳನೆ ಬೆಳಕು, 3000 ಕೆ ಅಂದರೆ ಹಳದಿ. ನಮ್ಮ ಭಾವ ಅದನ್ನೇ ಪವರ್ ಅಂದುಕೊಂಡು "ಜಾಸ್ತಿ ಕೆ ಇರೋದೇ ಕೊಡಿ" ಅಂತ ದೇವರ ಮನೆಗೂ ಆಸ್ಪತ್ರೆ ಬೆಳಕು ತಂದು ಹಾಕಿದ್ದಾರೆ. ವೋಲ್ಟ್ ಎಲ್ಲಕ್ಕಿಂತ ಸಣ್ಣಕ್ಷರದಲ್ಲಿ. ಬಲ್ಬ್ ಸುಡೋದು ಅದು ತಪ್ಪಿದರೇ, ಅಲ್ವಾ?

ಮಾರನೇ ದಿನ ಚೀಟಿ ಬರೆದುಕೊಟ್ಟೆ: ಮನೆ ಕರೆಂಟಿಗೆ, 12 ವ್ಯಾಟ್, ಪಿನ್ ಹೋಲ್ಡರ್. ಅಮ್ಮ ಈ ಸಲ ಬೀದಿ ಕೊನೆಯ ಮಾಮೂಲಿ ಅಂಗಡಿಗೆ ಹೋದಳು. ಅವನು ಚೀಟಿಯನ್ನ ಎರಡೆರಡು ಸಲ ಓದಿ, "ಹನ್ನೆರಡು ವೋಲ್ಟ್ ಬಲ್ಬ್ ತಾನೇ ಅಕ್ಕ, ಹಂಗೆ ಹೇಳಿ" ಅಂತ ಸರಿಯಾದದ್ದನ್ನೇ ತೆಗೆದುಕೊಟ್ಟನಂತೆ.