ಭಾಂಗ್ರಾ ಎಲ್ಲಿಂದ ಕೇಳಲು ಶುರು ಮಾಡಬೇಕು?

ತಬಲಾ ಕಲಿಯಲು ಬರುವ ಹುಡುಗರು ಮೂರು ತಿಂಗಳಲ್ಲಿ ಎಂಟು ಮಾತ್ರೆಯ ಕೆಹರವಾ ತಾಳ ಕೈಗೆ ಕೂತ ಕೂಡಲೇ ಕೇಳುತ್ತಾರೆ: "ಸರ್, ಭಾಂಗ್ರಾ ಬಾರಿಸೋದು ಕಲೀಬೇಕು. ಮೊದಲು ಯಾರದ್ದು ಕೇಳಲಿ?" ಅಮೃತಸರದ ಯಾರೋ ಢೋಲ್ ಉಸ್ತಾದರ ಹೆಸರು ಬರುತ್ತದೆ ಎಂದು ಅವರ ನಿರೀಕ್ಷೆ. ನಾನು ಹೇಳುವುದು ಲಂಡನ್ನಿನ ಒಬ್ಬ ತಾಯಿ ಮತ್ತು ಮಗನನ್ನು: ಗಾಯಕಿ ಮೊಹಿಂದರ್ ಕೌರ್ ಭಮ್ರಾ, ತಬಲಾ ನುಡಿಸುವ ಕುಲ್ಜಿತ್ ಭಮ್ರಾ.

ಕುಲ್ಜಿತ್ ಹುಟ್ಟಿದ್ದು 1959ರಲ್ಲಿ, ನೈರೋಬಿಯಲ್ಲಿ. ಕೂಸಾಗಿದ್ದಾಗಲೇ ಪೋಲಿಯೊ ಬಂತು. 1961ರಲ್ಲಿ ಇಂಗ್ಲೆಂಡಿಗೆ ಹೋದ ಕುಟುಂಬ ಮುಂದೆ ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿ ನೆಲೆ ನಿಂತಿತು. ತಾಯಿ ಗುರುದ್ವಾರದಲ್ಲಿ ಶಬದ್, ಅಂದರೆ ಸಿಖ್ಖರ ಭಕ್ತಿಗೀತೆ, ಹಾಡುತ್ತಿದ್ದರು, ಮದುವೆಗಳಲ್ಲಿ ಜನಪದ ಹಾಡುತ್ತಿದ್ದರು. ಸಾಥ್ ಕೊಡುವವರು ಬೇಕಲ್ಲ, ಆರು ವರ್ಷದ ಮಗನೇ ತಬಲಾ ಮುಂದೆ ಕೂತ.

ಆ ಮದುವೆಮನೆಗಳನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಊರಲ್ಲಿ, ಅಂದರೆ ಪಂಜಾಬಿನಲ್ಲಿ, ಭಾಂಗ್ರಾ ಎಂದರೆ ಸುಗ್ಗಿ ಹೊತ್ತಿನ ಗಂಡಸರ ಕುಣಿತ. ಹೆಂಗಸರದ್ದು ಗಿದ್ದಾ, ಅದು ಚಪ್ಪಾಳೆ ತಟ್ಟುತ್ತಾ ಬೋಲಿ ಎಂಬ ಪುಟ್ಟ ಪದ್ಯಗಳನ್ನು ಹೇಳಿಕೊಂಡು ತಮ್ಮತಮ್ಮಲ್ಲೇ ಕುಣಿಯುವುದು. ಸೌತಾಲ್‌ನ ಹಾಲ್‌ಗಳಲ್ಲೂ ಗಂಡಸರು ಕುಣಿದರೆ ಹೆಂಗಸರು ಬದಿಗೆ ಕೂತು ನೋಡುವುದೇ ರೂಢಿ. ಮೊಹಿಂದರ್ ಕೌರ್ ಮೈಕ್ ಹಿಡಿದು ಅವರನ್ನು ಎಬ್ಬಿಸಿದರು. ಅವರ ಹೆಸರಿನೊಂದಿಗೇ ನೆನಪಾಗುವ ಹಾಡು 'ಗಿದ್ದಾ ಪಾವೋ ಹಾಣ್ ದೇಯೋ'. ಓರಗೆಯವರೇ, ಬನ್ನಿ, ಗಿದ್ದಾ ಕುಣಿಯೋಣ ಎಂಬ ಕರೆ ಅದು. ಹೊಸ ದೇಶದಲ್ಲಿ ದಿನವಿಡೀ ದುಡಿದು ಬಂದ ಹೆಣ್ಣುಮಕ್ಕಳಿಗೆ, ನಾಲ್ಕು ಜನರ ಎದುರು ಎದ್ದು ಕುಣಿಯಿರಿ ಎಂದು ಒಬ್ಬ ಹೆಣ್ಣೇ ಹೇಳುವುದು ಎಷ್ಟು ದೊಡ್ಡ ಮಾತು! ಇದನ್ನು ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಮಗ ಕಲಿತ ಪಾಠಶಾಲೆ ಅದೇ ಎಂದು ನಾನು ನಂಬಿದ್ದೇನೆ. ಕೂತವರು ಏಳುವವರೆಗೂ ಲಯ ಬಿಡುವಂತಿಲ್ಲ, ಎದ್ದ ಮೇಲೆ ಅವರ ಹೆಜ್ಜೆ ತಪ್ಪಿಸುವಂತಿಲ್ಲ. ಕಾಯ್ದಾ, ರೇಲಾ ಎಂಬ ತಬಲಾ ಪಾಠಗಳನ್ನು ಎಷ್ಟು ಗಟ್ಟಿ ಮಾಡಿದರೂ ಈ ಕಿವಿ ಬರುವುದಿಲ್ಲ.

ಕುಲ್ಜಿತ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಆದರೆ 1982ರಲ್ಲಿ ತಾಯಿಯ ದನಿಗೆ ಸಿಂಥಸೈಸರ್, ಡ್ರಮ್ ಮೆಷೀನ್ ಸೇರಿಸಿ 'ಪಂಜಾಬಿ ಡಿಸ್ಕೊ' ಎಂಬ ಆಲ್ಬಮ್ ಮಾಡಿದರು. ಮೆಷೀನ್ ಬಂದ ಕೂಡಲೇ ಜನಪದ ಕೆಟ್ಟಿತು ಎನ್ನುವವರು ಇದನ್ನೊಮ್ಮೆ ಕೇಳಬೇಕು. ತಾಯಿ ಮದುವೆಮನೆಯಲ್ಲಿ ಹಾಡುವ ಹಾಗೆಯೇ ಹಾಡಿದ್ದಾರೆ, ಎಲ್ಲೂ ದನಿ ಬದಲಿಸಿಕೊಂಡಿಲ್ಲ. ಮೆಷೀನೇ ಅವರಿಗೆ ಸಾಥ್ ಕೊಡುತ್ತದೆ. ಆಗ ಅಷ್ಟೇನೂ ಓಡದ ಆ ರೆಕಾರ್ಡ್ 2025ರಲ್ಲಿ ಮತ್ತೆ ಹೊರಬಂತು.

ಆಮೇಲೆ ಕುಲ್ಜಿತ್ ಬ್ರಿಟನ್ನಿನ ಭಾಂಗ್ರಾ ಕಲಾವಿದರಾದ ಪ್ರೇಮಿ ತಂಡ, ಮಂಗಲ್ ಸಿಂಗ್ ಮೊದಲಾದವರಿಗೆ ಸಂಗೀತ ಕೂಡಿಸಿದರು. 2002ರಲ್ಲಿ ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' ಲಂಡನ್ ರಂಗಮಂದಿರಕ್ಕೆ ಬಂದಾಗ ತಾಳವಾದ್ಯ ಅವರದ್ದು. 2009ರಲ್ಲಿ ಬ್ರಿಟನ್ನಿನ ಎಂಬಿಇ ಗೌರವ. ರಂಗಸಂಗೀತದ ಕೆಲಸ ಮುಂದೆಯೂ ನಡೆಯಿತು.

ಹುಡುಗರಲ್ಲಿ ಚುರುಕಾದವನೊಬ್ಬ ಇಲ್ಲಿ ಎರಡನೇ ಪ್ರಶ್ನೆ ಎತ್ತುತ್ತಾನೆ. "ಅವರು ತಬಲಾಕ್ಕೆ ನೊಟೇಶನ್ ಮಾಡಿದಾರಂತಲ್ಲ ಸರ್, ನಾವ್ಯಾಕೆ ಬೋಲ್ ಬಾಯಿಪಾಠ ಮಾಡ್ಬೇಕು?" ಬೋಲ್ ಎಂದರೆ ತಬಲಾದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳು. ಹೌದು, ಪಾಶ್ಚಾತ್ಯ ಸ್ವರಲಿಪಿ ಓದುವವರು ನೋಡಿಕೊಂಡೇ ನುಡಿಸಬಹುದಾದ ಬರವಣಿಗೆಯೊಂದನ್ನು ಅವರು ರೂಪಿಸಿದ್ದಾರೆ. ವಾದ್ಯವೃಂದದಲ್ಲಿ ಪಿಟೀಲಿನವರಿಗೂ ಕೊಳಲಿನವರಿಗೂ ಹಾಳೆ ಇರುತ್ತದೆ. ತಬಲಾದವರಿಗೆ ಮಾತ್ರ "ಏನಾದರೂ ಬಾರಿಸಿ" ಎಂದರೆ ಆ ವಾದ್ಯ ಕೊನೆವರೆಗೂ ಹೊರಗಿನದಾಗಿಯೇ ಉಳಿಯುತ್ತದೆ. ಹಾಳೆಯಲ್ಲಿ ತಬಲಾಕ್ಕೂ ಒಂದು ಸಾಲು ಸಿಕ್ಕರೆ ಅದಕ್ಕೂ ಪಂಕ್ತಿಯಲ್ಲಿ ಎಲೆ ಹಾಕಿದಂತೆ. ಅದಕ್ಕಾಗಿ ನನಗೆ ಅವರ ಮೇಲೆ ಅಪಾರ ಗೌರವ. ನನ್ನ ಮನೆಯಲ್ಲಿ ಮಾತ್ರ 'ಧಾ' ಎಂಬ ಬೋಲ್ ಮೊದಲು ಬಾಯಲ್ಲಿ ಬರಬೇಕು, ಆಮೇಲೆ ಕೈಯಲ್ಲಿ. ಕಲಿಯುವವನ ಕಷ್ಟ ಬೇರೆ, ವಾದ್ಯವೃಂದದ ಅಗತ್ಯ ಬೇರೆ.

ಹಾಗಾಗಿ ಇಂದಿಗೂ ಅದೇ ಉತ್ತರ ಕೊಡುತ್ತೇನೆ. ಮೊದಲ ವಾರ ತಾಯಿಯ ದನಿಯನ್ನಷ್ಟೇ ಕೇಳು. ಎರಡನೇ ವಾರ ಅದೇ ಹಾಡಿನಲ್ಲಿ ಡಗ್ಗಾ, ಅಂದರೆ ತಬಲಾ ಜೋಡಿಯ ದೊಡ್ಡ ವಾದ್ಯ, ಎಲ್ಲಿ ಸುಮ್ಮನಾಗುತ್ತದೆ ಎಂದು ಗುರುತು ಹಾಕಿಕೊಂಡು ಬಾ. ಆ ಪಟ್ಟಿ ತಂದ ದಿನ ಭಾಂಗ್ರಾ ಪಾಠ ಶುರು ಮಾಡುತ್ತೇನೆ.